ಬಾಲ್ಯದ ಬವಣೆಯೂ ಬಾಳಿನ ಸಿದ್ಧಿಯೂ

ಪುಟಕ್ಕಿಟ್ಟ ಚಿನ್ನವು ಹೊಳೆಯುವುದೆಂಬ ಮಾತು ಲೋಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಎಳವೆಯಲ್ಲಿ ಕಷ್ಟವನ್ನುಂಡು ಮುಂದೆ ದೊಡ್ಡವರಾದವರ ಚರಿತ್ರೆಯನ್ನು ಹೇಳುವಾಗಲೆಲ್ಲ ಈ ಮಾತು ತಪ್ಪದೆ ಬರುತ್ತದೆ. ತಾಯಿಯನ್ನು ಕಳೆದುಕೊಂಡ ಮಗು, ಹಸಿದು ಮಲಗಿದ ಮಗು, ಓದಬೇಕೆಂಬ ಆಸೆಯಿದ್ದೂ ಪುಸ್ತಕವಿಲ್ಲದೆ ಬಳಲಿದ ಮಗು, ಇಂಥವರೇ ಮುಂದೆ ನಾಡಿಗೆ ಹಿರಿಯರಾದರೆಂದು ಕೇಳಿದಾಗ ಯಾರ ಮನಸ್ಸಾದರೂ ಉಬ್ಬುವುದು ಸಹಜ. ಕಷ್ಟವೇ ಅವರನ್ನು ಬೆಳೆಸಿತೆಂದು ತೀರ್ಮಾನ ಹೇಳಿ ಮಾತು ಮುಗಿಸುವುದೂ ಅಷ್ಟೇ ಸಹಜ.

ಆದರೆ ಈ ತೀರ್ಮಾನವನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ. ಕಷ್ಟವೇ ಮನುಷ್ಯನನ್ನು ಬೆಳೆಸುವುದಾಗಿದ್ದರೆ ಈ ನಾಡಿನಲ್ಲಿ ದೊಡ್ಡವರಿಗೆ ಎಂದೂ ಕೊರತೆಯಿರುತ್ತಿರಲಿಲ್ಲ. ಬರ, ಪಿಡುಗು, ಬಡತನಗಳನ್ನು ಕಾಣದ ಊರು ಯಾವುದಿದೆ? ಮೇಲೆ ಬಂದ ಒಬ್ಬನ ಹೆಸರನ್ನು ಜನ ನೆನೆಯುತ್ತಾರೆ. ಅದೇ ಕೇರಿಯಲ್ಲಿ ಅದೇ ಹಸಿವನ್ನು ಉಂಡು, ಮೇಲೆ ಬಾರದೆ ಉಳಿದ ನೂರಾರು ಮಕ್ಕಳ ಹೆಸರನ್ನು ಯಾರೂ ನೆನೆಯುವುದಿಲ್ಲ. ಅವರಲ್ಲಿ ಚಿನ್ನವಿರಲಿಲ್ಲವೆ? ಅಥವಾ ಅವರನ್ನು ಬೆಂಕಿಯಿಂದ ಹೊರಗೆ ತೆಗೆದುಕೊಳ್ಳುವ ಅಕ್ಕಸಾಲಿಗನ ಕೈ ಅವರಿಗೆ ದೊರೆಯಲಿಲ್ಲವೆ? ಪುಟವನ್ನು ಹೊಗಳುವವರು ಆ ಕೈಯನ್ನು ಮರೆಯುತ್ತಾರೆ. ಈ ಮರೆವಿನಿಂದ ಆಗುವ ಕೇಡು ಚಿಕ್ಕದಲ್ಲ. ಕಷ್ಟವು ಒಳ್ಳೆಯದೆಂದು ನಂಬಿದ ಸಮಾಜವು ಹಸಿದ ಮಗುವನ್ನು ಕಂಡಾಗ ಕೈಕಟ್ಟಿ ಕೂಡಬಲ್ಲುದು. ಆದಕಾರಣ ಬಾಲ್ಯದ ಬವಣೆಗೂ ಬಾಳಿನ ಸಿದ್ಧಿಗೂ ಇರುವ ನಿಜವಾದ ಸಂಬಂಧವೇನೆಂಬುದನ್ನು ವಿಚಾರಿಸುವುದು ಅವಶ್ಯ.

ಈ ವಿಚಾರಕ್ಕೆ ದೂರದ ನಿದರ್ಶನಗಳು ಬೇಕಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಇತಿಹಾಸವೇ ಸಾಕು.

ಕುಣಿಗಲ್ ತಾಲೂಕಿಗೆ ಹೊಂದಿಕೊಂಡಿರುವ ಮಾಗಡಿ ತಾಲೂಕಿನ ವೀರಾಪುರದಲ್ಲಿ ೧೯೦೭ರ ಏಪ್ರಿಲ್ ೧ರಂದು ಒಂದು ಒಕ್ಕಲು ಮನೆತನದಲ್ಲಿ ಶಿವಣ್ಣನೆಂಬ ಬಾಲಕನು ಜನಿಸಿದನು. ಹೊನ್ನಪ್ಪ, ಗಂಗಮ್ಮ ದಂಪತಿಗಳ ಹದಿಮೂರು ಮಕ್ಕಳಲ್ಲಿ ಅವನೇ ಕೊನೆಯವನು. ಎಂಟನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಕೊನೆಯ ಮಗುವಿಗೆ ತಾಯಿಯ ಮಡಿಲು ಎಷ್ಟು ಬೇಕೆಂಬುದನ್ನು ಬಲ್ಲವರಿಗೆ ಆ ನಷ್ಟದ ಆಳವನ್ನು ವಿವರಿಸಬೇಕಾದುದಿಲ್ಲ. ಅಲ್ಲಿಗೇ ಕಥೆ ನಿಂತಿದ್ದರೆ ಆ ಬಾಲಕನೂ ಹೆಸರಿಲ್ಲದ ನೂರಾರು ತಬ್ಬಲಿಗಳಲ್ಲಿ ಒಬ್ಬನಾಗುತ್ತಿದ್ದನು. ಆದರೆ ಅಕ್ಕನ ಆಸರೆ ಒದಗಿತು. ತುಮಕೂರು ಸೀಮೆಯ ನಾಗವಲ್ಲಿಯ ಶಾಲೆಯಲ್ಲಿ ಓದು ಮುಂದುವರಿಯಿತು. ತುಮಕೂರಿನಲ್ಲಿ ಪ್ರೌಢಶಾಲೆಯ ಓದಿನ ದಿನಗಳಲ್ಲಿ ಸಿದ್ಧಗಂಗೆಯ ಮಠವು ಅವನಿಗೆ ನೆರಳಾಯಿತು. ಅಲ್ಲಿ ಉದ್ದಾನ ಶಿವಯೋಗಿಗಳು ೧೯೧೭ರಲ್ಲಿಯೇ ಸಂಸ್ಕೃತ ಪಾಠಶಾಲೆಯನ್ನು ತೆರೆದು ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡುತ್ತಿದ್ದರು. ೧೯೨೬ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಯಿತು; ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರುವುದಾಯಿತು.

ಹಳ್ಳಿಯ ಬಾಲಕನು ಬೆಂಗಳೂರಿನಲ್ಲಿ ಎಲ್ಲಿರಬೇಕು, ಏನುಣ್ಣಬೇಕು? ಈ ಪ್ರಶ್ನೆಗೆ ಬಹುಕಾಲ ಮೊದಲೇ ಒಬ್ಬರು ಉತ್ತರವನ್ನು ಸಿದ್ಧಮಾಡಿಟ್ಟಿದ್ದರು. ೧೮೩೮ರಲ್ಲಿ ಜನಿಸಿದ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರದಿಂದ ಸಂಪಾದಿಸಿದ್ದನ್ನು ಧರ್ಮಕ್ಕೆ ಅರ್ಪಿಸಿದರು. ಅವರಿಗೆ ಮಕ್ಕಳಿರಲಿಲ್ಲ. ರೈಲು ನಿಲ್ದಾಣದ ಹತ್ತಿರ ೧೮೯೭ರಲ್ಲಿ ದಾರಿಗರಿಗಾಗಿ ಛತ್ರವಾಯಿತು. ಅವರ ಧರ್ಮಸಂಸ್ಥೆಯಿಂದ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿನಿಲಯವೂ ದೊರೆಯಿತು. ೧೯೧೦ರಲ್ಲಿ ಅವರು ಲಿಂಗೈಕ್ಯರಾದರು. ವೀರಾಪುರದ ಶಿವಣ್ಣನು ಬೆಂಗಳೂರಿಗೆ ಬಂದಾಗ ಅವನಿಗೆ ಆಶ್ರಯವಾದುದು ಈ ತೋಟದಪ್ಪನವರ ವಿದ್ಯಾರ್ಥಿನಿಲಯವೇ. ಕೊಟ್ಟವರು ಪಡೆದವನ ಮುಖವನ್ನು ಕಂಡಿರಲಿಲ್ಲ. ಪಡೆದವನು ಕೊಟ್ಟವರ ಮುಖವನ್ನು ಕಂಡಿರಲಿಲ್ಲ. ಆದರೂ ಗುಬ್ಬಿಯ ವರ್ತಕರ ಸಂಪಾದನೆಯು ತಾಯಿಯಿಲ್ಲದ ಬಾಲಕನ ತಟ್ಟೆಯಲ್ಲಿ ಅನ್ನವಾಯಿತು.

ಮುಂದಿನದನ್ನು ನಾಡೆಲ್ಲ ಬಲ್ಲುದು. ಮಠದ ಉತ್ತರಾಧಿಕಾರಿಗಳಾಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾಗಲು, ೧೯೩೦ರ ಮಾರ್ಚ್ ೩ರಂದು ಶಿವಣ್ಣನು ವಿರಕ್ತಾಶ್ರಮವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳೆನಿಸಿದನು. ೧೯೪೧ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಸಮಸ್ತ ಭಾರವೂ ಅವರ ಹೆಗಲಿಗೆ ಬಂದಿತು. ಮಠದ ಬೊಕ್ಕಸ ತುಂಬಿದ್ದ ಕಾಲ ಅದಲ್ಲ. ಮಕ್ಕಳ ಊಟಕ್ಕಾಗಿ ಶ್ರೀಗಳು ಹಳ್ಳಿ ಹಳ್ಳಿ ತಿರುಗಿ ಭಕ್ತರಿಂದ ರಾಗಿ, ಭತ್ತ, ಕಾಳುಗಳನ್ನು ಭಿಕ್ಷೆಯಾಗಿ ತಂದರು. ಜಾತಿಯನ್ನಾಗಲಿ ಮತವನ್ನಾಗಲಿ ಕೇಳದೆ ಬಂದ ಮಕ್ಕಳನ್ನೆಲ್ಲ ಸೇರಿಸಿಕೊಂಡರು. ಅವರ ಕೊನೆಯ ವರ್ಷಗಳಲ್ಲಿ ಸಿದ್ಧಗಂಗೆಯಲ್ಲಿ ಉಂಡು, ಉಟ್ಟು, ಓದುತ್ತಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರವಿತ್ತು.

ಇಲ್ಲಿ ಸಿದ್ಧಿಯೆಂದು ಯಾವುದನ್ನು ಕರೆಯಬೇಕು? ೨೦೦೭ರಲ್ಲಿ ಕರ್ನಾಟಕ ರತ್ನವೂ ೨೦೧೫ರಲ್ಲಿ ಪದ್ಮಭೂಷಣವೂ ಶ್ರೀಗಳನ್ನು ಅರಸಿ ಬಂದುವು. ಅವು ಲೋಕದ ಗೌರವ. ಆದರೆ ಎಂಟು ವರ್ಷದ ತಬ್ಬಲಿಯ ದುಃಖಕ್ಕೆ ಸಮನಾಗಿ ತೂಗಬಲ್ಲುದು ಆ ಪದವಿಗಳಲ್ಲ. ತಮ್ಮಂತೆಯೇ ಮನೆಯ ಆಸರೆಯನ್ನು ಬಿಟ್ಟು ಬಂದ ಸಾವಿರಾರು ಮಕ್ಕಳ ಊಟದ ಪಂಕ್ತಿ.

ಮಠದ ಹೊರಗೂ ಈ ಸತ್ಯಕ್ಕೆ ಸಾಕ್ಷಿಯುಂಟು. ಗುಬ್ಬಿಯಲ್ಲಿ ೧೮೮೪ರಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ೧೮೯೧ರಲ್ಲಿ ಜನಿಸಿದ ವೀರಣ್ಣನವರು ಆರು ವರ್ಷದ ಆಸುಪಾಸಿನಲ್ಲಿಯೇ ಅದರ ರಂಗವನ್ನೇರಿದರು. ಬೇರೆ ಮಕ್ಕಳು ಮಗ್ಗಿ ಹೇಳುವ ವಯಸ್ಸಿನಲ್ಲಿ ಅವರು ಮುಖಕ್ಕೆ ಬಣ್ಣ ಹಚ್ಚಿಕೊಂಡು, ಊರಿಂದೂರಿಗೆ ಗಾಡಿ ಹೂಡಿ ಹೊರಟ ಮಂಡಳಿಯ ಹಿಂದೆ ಅಲೆದರು. ಇಂದು ಇಲ್ಲಿ, ನಾಳೆ ಎಲ್ಲಿಯೋ. ಮಳೆ ಬಂದರೆ ಆಟವಿಲ್ಲ, ಆಟವಿಲ್ಲದಿದ್ದರೆ ಸಂಪಾದನೆಯಿಲ್ಲ. ಆದರೆ ಅಲೆದಾಟದ ಆ ಬದುಕಿನಲ್ಲಿಯೇ ಪಾಠ ಹೇಳುವ ಹಿರಿಯರಿದ್ದರು, ಹಾಡು ಕಲಿಸುವವರಿದ್ದರು, ತಪ್ಪಿದರೆ ತಿದ್ದುವವರಿದ್ದರು. ೧೯೧೭ರಲ್ಲಿ ವೀರಣ್ಣನವರು ಕಂಪನಿಯ ಒಡೆಯರಾದರು. ೧೯೩೪ರ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ನಾಡನ್ನು ಬೆರಗುಗೊಳಿಸಿದರು. ಅವರು ತಮ್ಮ ಆತ್ಮಕಥೆಗಿಟ್ಟ ಹೆಸರು ‘ಕಲೆಯೇ ಕಾಯಕ’. ಶರಣರ ಮಾತೊಂದು ಬಣ್ಣದ ಮನೆಗೆ ಹೋಗಿ ಬಾಳಾದುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವೀರಣ್ಣನವರ ಹಿರಿಮೆಯನ್ನು ಆನೆ ಕುದುರೆಗಳಿಂದ ಅಳೆಯುವುದಕ್ಕಿಂತ ಇನ್ನೊಂದು ಸಂಗತಿಯಿಂದ ಅಳೆಯುವುದು ಉಚಿತ. ದಕ್ಷಿಣ ಕನ್ನಡದ ಮಂಚಿ ಎಂಬ ಹಳ್ಳಿಯಿಂದ ಮನೆಬಿಟ್ಟು ಓಡಿಬಂದ ಹುಡುಗನೊಬ್ಬನು ಅವರ ಕಂಪನಿಯಲ್ಲಿ ಆಶ್ರಯ ಪಡೆದನು. ಒಡೆಯರು ಅವನನ್ನು ಕಂಪನಿಗೆ ಉಪಯೋಗವಾದಷ್ಟು ದಿನ ದುಡಿಸಿಕೊಂಡು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಆ ಹುಡುಗನೇ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ. ವಿ. ಕಾರಂತರು. ಎಳವೆಯಲ್ಲಿ ರಂಗದ ಮೇಲೆ ಬೆಳೆದವರೊಬ್ಬರು, ತಮಗೆ ದೊರೆಯದ ವಿದ್ಯಾಲಯದ ಬಾಗಿಲನ್ನು ಇನ್ನೊಬ್ಬರ ಮಗನಿಗೆ ತೆರೆದರು.

ಇಂಥ ನಿದರ್ಶನಗಳನ್ನು ಕೇಳಿದ ಮೇಲೆ ಕೆಲವರು ಹೀಗೆ ಆಕ್ಷೇಪಿಸಬಹುದು: ಮಕ್ಕಳಿಗೆ ಎಲ್ಲವನ್ನೂ ಒದಗಿಸಿಕೊಟ್ಟರೆ ಅವರು ಮೆತ್ತಗಾಗುವುದಿಲ್ಲವೆ? ಕಷ್ಟವರಿಯದವನು ಬಾಳನ್ನು ಹೇಗೆ ಎದುರಿಸುವನು? ಈ ಆಕ್ಷೇಪವು ಸಾರವಿಲ್ಲದ್ದಲ್ಲ. ಆದರೆ ಇದರಲ್ಲಿ ಎರಡು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಬೆರೆತಿವೆ. ಬವಣೆ ಬೇರೆ, ಶ್ರಮ ಬೇರೆ. ಬವಣೆಯು ಮೇಲಿನಿಂದ ಬಂದು ಬೀಳುವಂಥದು. ಹಸಿವು, ಅನಾಥತನ, ಅವಮಾನ ಇವುಗಳಿಗೆ ಅರ್ಥವೂ ಇಲ್ಲ, ಮೇರೆಯೂ ಇಲ್ಲ. ಶ್ರಮವು ಕೈಯಾರೆ ಮಾಡುವಂಥದು. ಅದಕ್ಕೆ ಗುರಿಯುಂಟು, ದಣಿದ ಮೇಲೆ ವಿಶ್ರಾಂತಿಯುಂಟು, ಕಲಿಸುವವರ ಕಣ್ಣುಂಟು. ಕೈ ಕೆಸರಾದರೆ ಬಾಯಿ ಮೊಸರೆಂದು ಹೇಳಿದ ಹಿರಿಯರು ಕೈಯ ಕೆಸರನ್ನು ಹೊಗಳಿದರೇ ಹೊರತು ಬರಿಯ ಹೊಟ್ಟೆಯನ್ನು ಹೊಗಳಲಿಲ್ಲ. ಗುರುಕುಲದ ಮಗುವು ನಸುಕಿನಲ್ಲೆದ್ದು, ಪ್ರಾರ್ಥನೆ ಮಾಡಿ, ತನ್ನ ಬಟ್ಟೆಯನ್ನು ತಾನೇ ಒಗೆದುಕೊಂಡು, ತನ್ನ ತಟ್ಟೆಯನ್ನು ತಾನೇ ತೊಳೆದುಕೊಳ್ಳುವುದು ಶ್ರಮ. ಅನ್ನವುಂಟೋ ಇಲ್ಲವೋ ಎಂದು ರಾತ್ರಿಯೆಲ್ಲ ಚಿಂತಿಸುವುದು ಬವಣೆ. ಮೊದಲನೆಯದು ಮಗುವನ್ನು ಗಟ್ಟಿಮಾಡುತ್ತದೆ, ಎರಡನೆಯದು ಒಡೆಯುತ್ತದೆ. ಬವಣೆಯನ್ನು ತೆಗೆದು ಶ್ರಮವನ್ನು ಉಳಿಸುವುದೇ ಹಿರಿಯರ ಧರ್ಮ.

ಶರಣರ ಕಾಯಕ ತತ್ತ್ವದಲ್ಲಿಯೂ ದಾಸೋಹ ತತ್ತ್ವದಲ್ಲಿಯೂ ಇರುವ ಹುರುಳು ಇದೇ. ಕಾಯಕವು ಶ್ರಮದ ಗೌರವ. ದಾಸೋಹವು ಬವಣೆಯ ಪರಿಹಾರ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದಿಲ್ಲ. ದಾಸೋಹವಿಲ್ಲದ ಕಾಯಕವು ಲೋಭವಾಗುವುದು. ಕಾಯಕವಿಲ್ಲದ ದಾಸೋಹವು ಸೋಮಾರಿತನವನ್ನು ಸಾಕುವುದು. ಬಸವಣ್ಣನವರೇ ಎಳೆಯ ವಯಸ್ಸಿನಲ್ಲಿ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ಬಂದವರು. ಅಲ್ಲಿ ಅವರಿಗೆ ಗುರುವಿನ ಆಶ್ರಯವೂ ವಿದ್ಯೆಯೂ ದೊರೆತುವು. ಮುಂದೆ ಕಲ್ಯಾಣದಲ್ಲಿ ಅವರ ಮಹಾಮನೆಯು ಬಂದವರನ್ನೆಲ್ಲ ಒಳಗೆ ಕರೆಯಿತು. ಆ ಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅವರ ಮಡದಿ ಲಕ್ಕಮ್ಮನವರು ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ವೃತ್ತಾಂತವು ಪ್ರಸಿದ್ಧ. ಬಡತನವನ್ನು ಕಂಡವರು ಕೂಡಿಡಲು ಹಾತೊರೆಯುವುದು ಲೋಕದ ನಡೆ. ಬಡತನವನ್ನು ಕಂಡೂ ಕೂಡಿಡದೆ ಇರುವುದು ಶರಣರ ನಡೆ.

ಕುಣಿಗಲ್ ತಾಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳ ಬೋಧೆಯಲ್ಲಿಯೂ ಅರ್ಪಿತ, ಪ್ರಸಾದಗಳ ವಿವೇಕವು ಮುಖ್ಯವಾದುದು. ಉಣ್ಣುವ ತುತ್ತು ತನ್ನದೆಂಬ ಭಾವವಳಿದು, ಅರ್ಪಿಸಿ ಪಡೆದುದೆಂಬ ಭಾವ ಬಂದಾಗ ಅದು ಪ್ರಸಾದವೆನಿಸುವುದು. ಎಳವೆಯಲ್ಲಿ ಇನ್ನೊಬ್ಬರ ಮನೆಯ ಅನ್ನವನ್ನುಂಡವನಿಗೆ ಈ ತತ್ತ್ವವು ಪುಸ್ತಕದಿಂದ ತಿಳಿಯಬೇಕಾದುದಲ್ಲ. ತನ್ನ ಬಾಳು ತನ್ನೊಬ್ಬನದಲ್ಲವೆಂಬುದನ್ನು ಅವನ ಹೊಟ್ಟೆಯೇ ಬಲ್ಲುದು.

ಆದರೂ ಇದನ್ನು ಮರೆಯುವವರುಂಟು. ಎಳವೆಯ ಬವಣೆಯನ್ನು ದಾಟಿ ಬಂದವರಲ್ಲಿ ಎರಡು ಬಗೆ. ಒಬ್ಬನು ಹೇಳುತ್ತಾನೆ: ನಾನು ಯಾರ ಹಂಗೂ ಇಲ್ಲದೆ ಬೆಳೆದೆ; ನಾನು ಪಟ್ಟ ಪಾಡನ್ನು ಇವರೂ ಪಡಲಿ, ಆಗ ಬುದ್ಧಿ ಬರುತ್ತದೆ. ಇಂಥವನ ಮನೆ ದೊಡ್ಡದಾಗಿರಬಹುದು, ಹೆಸರು ಹಬ್ಬಿರಬಹುದು. ಆದರೆ ಅವನು ತನ್ನ ಬಾಲ್ಯವನ್ನು ಇನ್ನೂ ದಾಟಿಲ್ಲ. ಅಂದಿನ ಹಸಿವು ಅವನೊಳಗೆ ಇಂದಿಗೂ ಹಸಿವಾಗಿಯೇ ಉಳಿದು, ಕಂಡವರ ಮೇಲೆ ಸಿಟ್ಟಾಗಿ ಹೊರಬರುತ್ತಿದೆ. ಇನ್ನೊಬ್ಬನು ಹೇಳುತ್ತಾನೆ: ನಾನು ಪಟ್ಟ ಪಾಡು ಇನ್ನೊಂದು ಮಗುವಿಗೆ ಬೇಡ. ಇವನ ಕೈಯಲ್ಲಿ ಹಣವಿಲ್ಲದಿರಬಹುದು, ಊರಿನಾಚೆ ಹೆಸರು ತಿಳಿಯದಿರಬಹುದು. ನೆರೆಮನೆಯ ಹುಡುಗನ ಶಾಲೆಯ ಶುಲ್ಕವನ್ನು ಗುಟ್ಟಾಗಿ ಕಟ್ಟಿ ಬರುವ ಗುಮಾಸ್ತನೂ, ಹಾಜರಿ ಹೇಳುವಾಗ ಹಸಿದ ಮುಖವನ್ನು ಗುರುತಿಸಿ ತನ್ನ ಬುತ್ತಿಯನ್ನು ಹಂಚಿಕೊಳ್ಳುವ ಉಪಾಧ್ಯಾಯಿನಿಯೂ ಈ ಗುಂಪಿಗೆ ಸೇರಿದವರು. ಲೋಕವು ಇವರನ್ನು ಯಶಸ್ವಿಗಳೆಂದು ಕರೆಯದಿದ್ದರೂ, ಬವಣೆಯನ್ನು ನಿಜವಾಗಿ ಗೆದ್ದವರು ಇವರೇ. ಏಕೆಂದರೆ ಬವಣೆಯು ಇವರಲ್ಲಿಗೆ ಬಂದು ನಿಂತಿತು. ಇವರನ್ನು ದಾಟಿ ಮುಂದಕ್ಕೆ ಹರಿಯಲಿಲ್ಲ.

ವ್ಯಕ್ತಿಯ ವಿಷಯದಲ್ಲಿ ನಿಜವಾದುದು ನಾಡಿನ ವಿಷಯದಲ್ಲಿಯೂ ನಿಜ. ಕರ್ನಾಟಕ ಸರ್ಕಾರವು ೨೦೦೨ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ಶಾಲಾಮಕ್ಕಳ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಕಲ್ಯಾಣದ ಮಹಾಮನೆಯ ಮಾತೊಂದು ಸರ್ಕಾರದ ಕಡತಕ್ಕೂ ಸೇರಿತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಹೆಸರಿನಿಂದಲೇ ಧರ್ಮ ನಡೆಯದು. ಬಡಿಸುವವರು ಮಗುವಿನ ಮುಖವನ್ನು ನೋಡಿ ಬಡಿಸಿದಾಗ ಅದು ದಾಸೋಹ; ಲೆಕ್ಕದ ಪುಸ್ತಕವನ್ನಷ್ಟೇ ನೋಡಿ ಬಡಿಸಿದರೆ ಬರಿಯ ವಿತರಣೆ.

೨೦೧೯ರ ಜನವರಿ ೨೧ರಂದು ಶಿವಕುಮಾರ ಸ್ವಾಮಿಗಳು ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಕ್ಕಳ ಊಟ ಮುಗಿಯುವವರೆಗೆ ಸುದ್ದಿಯನ್ನು ಹೊರಗೆಡಹಬಾರದೆಂಬುದು ಅವರ ಇಚ್ಛೆಯಾಗಿತ್ತೆಂದೂ, ಅಂದು ಮಧ್ಯಾಹ್ನ ಅದರಂತೆಯೇ ನಡೆಯಿತೆಂದೂ ನಾಡು ತಿಳಿಯಿತು. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಮಗುವಿಗೆ, ಸಾವಿನ ಮನೆಯಲ್ಲಿ ಮಕ್ಕಳು ಹಸಿದಿರುವುದೆಂದರೇನೆಂಬುದು ತಿಳಿಯದೆ ಇರುವುದೆ? ನೂರು ವರ್ಷಗಳ ಆಚೆಯ ಆ ಮಗುವಿನ ದುಃಖವು ಅಂದು ಸಾವಿರಾರು ಮಕ್ಕಳ ತುತ್ತನ್ನು ಕಾಯ್ದು ನಿಂತಿತು. ಬವಣೆಯು ಸಿದ್ಧಿಯಾಗುವ ಬಗೆ ಇದು.

ಆದಕಾರಣ ದೊಡ್ಡವರ ಬಾಲ್ಯದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅವರ ಹಸಿವನ್ನು ಮಾತ್ರ ಹೇಳಿ ನಿಲ್ಲಿಸಬಾರದು. ಆ ಹಸಿವಿಗೆ ಅನ್ನವಿಕ್ಕಿದವರ ಹೆಸರನ್ನೂ ಹೇಳಬೇಕು. ಕಥೆ ಮುಗಿದ ಮೇಲೆ ಹೇಳಿದವರು ಬಾಗಿಲ ಹೊರಗೆ ಒಮ್ಮೆ ನೋಡಬೇಕು. ಅಲ್ಲಿ ಇಂದಿಗೂ ಒಂದು ಮಗು ನಿಂತಿರಬಹುದು.