178 ಡಿಗ್ರಿಯ ತ್ರಿಭುಜ

ಗಣಿತವನ್ನು ಹೇಳಿಕೊಡಬೇಡಿ, ಮಕ್ಕಳೇ ಕಂಡುಕೊಳ್ಳಲಿ ಎನ್ನುವ ಮಾತು ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಈಗ ಹಳತಾಗಿದೆ. 1961ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅದರ ಪರವಾಗಿ ವಾದಿಸಿದರು. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿತು. ಇದರಿಂದ ಕಲಿಕೆ ಹೆಚ್ಚುತ್ತದೆಯೇ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಉತ್ತರ ಗೊತ್ತಿದ್ದೂ ಗೊತ್ತಿಲ್ಲದವರಂತೆ ನಿಲ್ಲುವ ಮೇಷ್ಟ್ರು ಮಕ್ಕಳ ಜೊತೆ ಪ್ರಾಮಾಣಿಕವಾಗಿದ್ದಾರೆಯೇ?

ಹೊಸದುರ್ಗ, ಹೊಳಲ್ಕೆರೆ ಕಡೆಯ ಏಳನೇ ತರಗತಿಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದಿದು. ತ್ರಿಭುಜ ಬರೆದು ಮೂರೂ ಕೋನ ಅಳೆದು ಕೂಡಿ ಎನ್ನುತ್ತಾರೆ. ಒಬ್ಬಳಿಗೆ 178 ಬರುತ್ತದೆ, ಪಕ್ಕದವನಿಗೆ 183. ಪೆನ್ಸಿಲ್ ಮೊಂಡು, ಕೋನಮಾಪಕದ ಗೆರೆಗಳು ಸವೆದಿವೆ. ಹಾಗೆ ಬರುವುದೇ ಸಹಜ. ಅಷ್ಟರಲ್ಲಿ ಟ್ಯೂಷನ್‌ಗೆ ಹೋಗುವ ಹುಡುಗ ಮುಂದಿನ ಬೆಂಚಿನಿಂದ "180 ಸಾರ್" ಎನ್ನುತ್ತಾನೆ. ಮೇಷ್ಟ್ರ ಮುಖ ಅರಳುತ್ತದೆ. ಐದೇ ನಿಮಿಷ, ರಬ್ಬರ್ ಬೆಂಚಿನಿಂದ ಬೆಂಚಿಗೆ ಓಡಾಡಿ ಎಲ್ಲರ ಪುಸ್ತಕದಲ್ಲೂ 180.

ಆ ಪಿರಿಯಡ್ಡಿನಲ್ಲಿ ಮಗು ಕಲಿತದ್ದು ತಾನು ಕಂಡದ್ದನ್ನು ಅಳಿಸುವುದು. ಸೂತ್ರ ಹೇಳಿ ಉರು ಹೊಡೆಸುತ್ತಿದ್ದ ಹಳೆಯ ಮೇಷ್ಟ್ರಾದರೂ ಇಂಥ ಸುಳ್ಳು ಬರೆಸುತ್ತಿರಲಿಲ್ಲ.

ಹಾಗೆಂದು ನಾನು ಉರು ಹೊಡೆಸುವವರ ಪಕ್ಷದವನಲ್ಲ. ಪ್ಲೇಟೋನ 'ಮೆನೋ' ಸಂವಾದದಲ್ಲಿ ಸಾಕ್ರೆಟಿಸ್ ರೇಖಾಗಣಿತ ಕಲಿಯದ ಗುಲಾಮ ಹುಡುಗನೊಬ್ಬನನ್ನು ಕೇಳುತ್ತಾನೆ: ಎರಡು ಅಡಿ ಬಾಹುವಿನ ಚೌಕಕ್ಕಿಂತ ಎರಡರಷ್ಟು ದೊಡ್ಡ ಚೌಕ ಬೇಕಾದರೆ ಬಾಹು ಎಷ್ಟಿರಬೇಕು? ನಾಲ್ಕು, ಎನ್ನುತ್ತಾನೆ ಹುಡುಗ. ಹೊಳಲ್ಕೆರೆಯ ಅಡಿಕೆ ತೋಟದ ಮನೆಯ ಮಗುವೂ ಮೊದಲು ಹಾಗೇ ಹೇಳೀತು. ಆಮೇಲೆ, ಅಷ್ಟು ಜಾಗಕ್ಕೆ ನಾಲ್ಕು ಪಟ್ಟು ಸಸಿ ಬೇಕಲ್ಲ ಎಂದು ತಾನೇ ತಿದ್ದಿಕೊಂಡೀತು. ಸಾಕ್ರೆಟಿಸನ ಪ್ರಶ್ನೆಗಳು ಉತ್ತರದ ಕಡೆಗೇ ತಳ್ಳುವಂಥವು, ನಿಜ. ಆದರೂ ಹುಡುಗನ ತಪ್ಪನ್ನು ಅವನು ಮುಚ್ಚಿಹಾಕುವುದಿಲ್ಲ, ಚಿತ್ರ ಬರೆದು ಅದನ್ನು ಅವನಿಗೇ ತೋರಿಸುತ್ತಾನೆ.

ಆ 178, 183 ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಬಹುದು. ಇವೆಲ್ಲ ಯಾಕೆ ಇಷ್ಟು ಹತ್ತಿರ ಹತ್ತಿರ, ಯಾರಿಗೂ 140 ಯಾಕೆ ಬರಲಿಲ್ಲ ಎಂದು ಕೇಳಬಹುದು. ಕಾಗದದ ತ್ರಿಭುಜದ ಮೂರು ಮೂಲೆ ಹರಿದು ಜೋಡಿಸಿದರೆ ಸರಳರೇಖೆಯಂತೆ ಕಾಣುತ್ತದೆ. ಗಣಿತಕ್ಕೆ ಕಾಣುವುದಷ್ಟೇ ಸಾಲದು. ಅಲ್ಲಿಂದ ಮುಂದೆ ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿಕೊಡಲಿ: ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ, ಪರ್ಯಾಯ ಕೋನಗಳನ್ನು ನೋಡಿ. ಆ ಗೆರೆ ಮಗುವಿಗೆ ತಾನಾಗಿ ಹೊಳೆಯಲಿ ಎಂದು ನಲವತ್ತು ನಿಮಿಷ ಸುಮ್ಮನೆ ಕಾಯುವುದು, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಮಾಡುವ ಅನ್ಯಾಯ. ಗೆರೆ ಎಳೆದ ಮೇಲೆ "ಹಾಗಾದರೆ ನನ್ನ 178 ಎಲ್ಲಿಂದ ಬಂತು ಸಾರ್?" ಎಂದು ಅವಳು ಕೇಳಿಯಾಳು, ಪುಸ್ತಕದಲ್ಲಿ ಅದಿನ್ನೂ ಉಳಿದಿದ್ದರೆ.