ವಿಹಾರದ ವೇಗ

1976ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಗುಡ್ಡಕ್ಕೆ ಒಂದಷ್ಟು ಗೆಳೆಯರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಹತ್ತಿಸಿ, ಗಡಿಯಾರ ಹಿಡಿದು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಕಲ್ಲುಮಣ್ಣಿನ ದಾರಿ, ಎತ್ತರದಲ್ಲಿ ಸುಮಾರು 1,300 ಅಡಿ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ, ಹಿಂಚಕ್ರದ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗಿಳಿದ ಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರೇ ನಿಂತಿತು. ಗ್ಯಾರಿ ಫಿಶರ್ ಅಲ್ಲಿ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ದಾಖಲೆ. ಮೌಂಟನ್ ಬೈಕಿಂಗ್ ಎಂಬ ಆಟ ಮೈದಳೆದದ್ದು ಇಂಥ ಇಳಿತಗಳಲ್ಲಿ.

ಅದೇ ಮರಿನ್ ಸೀಮೆಯ ಟಮಲ್‌ಪಾಯಿಸ್ ಬೆಟ್ಟದ ಜಲಾನಯನ ಪ್ರದೇಶದಲ್ಲಿ ಮುಂದೆ ಸೈಕಲ್ಲಿಗೂ ವೇಗದ ಮಿತಿ ಬಂತು: ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್. ಕಾಣದ ತಿರುವಿನಲ್ಲಿ, ನಡೆಯುವವರನ್ನೋ ಕುದುರೆಯನ್ನೋ ದಾಟುವಾಗ ಬರೀ 5 ಮೈಲಿ, ಅಂದರೆ 8 ಕಿಲೋಮೀಟರ್. ರೇಂಜರುಗಳು ರೇಡಾರ್ ಹಿಡಿದು ನಿಂತು ದಂಡ ಹಾಕಿದ್ದೂ ಉಂಟು.

ವಾರದ ರಜೆಯಲ್ಲಿ ಖುಷಿಗಾಗಿ ಗುಡ್ಡ ಹತ್ತುವ ಸವಾರರಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ: ಮರ್ಯಾದಸ್ಥ ವೇಗ ಎಂದರೆ ಎಷ್ಟು? ಗಂಟೆಗೆ ಎಷ್ಟು ಕಿಲೋಮೀಟರ್ ಹೊಡೆದರೆ ನಾಲ್ಕು ಜನರ ಮುಂದೆ ತಲೆ ಎತ್ತಿಕೊಂಡು ಹೇಳಬಹುದು? ಸಂಖ್ಯೆಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಡಾಂಬರು ರಸ್ತೆಯಲ್ಲಿ ಸಲೀಸಾಗಿ 25ರಲ್ಲಿ ಸಾಗುವ ಅದೇ ಕಾಲುಗಳು ಬೇರು, ಬಂಡೆ, ಸಡಿಲ ಮಣ್ಣಿನ ಏರಿನಲ್ಲಿ 8ಕ್ಕೆ ಏದುಸಿರು ಬಿಡುತ್ತವೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಕುಸ್ತಿಪಟು ಮೈಲೋನ ಊಟವನ್ನು ಉದಾಹರಿಸಿದ್ದು ಇಂಥದೇ ತೊಡಕು ಬಿಡಿಸಲು. ಮೈಲೋನಿಗೆ ಸಾಲದ ಅನ್ನ, ಆಗತಾನೇ ಗರಡಿಗೆ ಬಂದವನಿಗೆ ಅತಿಯಾಗುತ್ತದೆ. ಮಧ್ಯಮ ಎಂಬುದು ಲೆಕ್ಕದ ನಡುವಿನ ಅಂಕಿ ಅಲ್ಲ, ಆಯಾ ಮನುಷ್ಯನಿಗೆ ತಕ್ಕದ್ದು. ಮಾತು ಸರಿಯಾದದ್ದೇ. ಆದರೆ ಅದು ಸವಾರನನ್ನು ಮಾತ್ರ ನೋಡುತ್ತದೆ, ತಿರುವಿನ ಆಚೆ ನಿಂತವರನ್ನು ನೋಡುವುದಿಲ್ಲ.

ಕನ್ನಡದ 'ಮರ್ಯಾದೆ' ಇಲ್ಲಿ ನೆರವಿಗೆ ಬರುತ್ತದೆ. ಗೌರವ ಎಂಬ ಅರ್ಥ ಬಳಕೆಯಲ್ಲಿ ಮುಂದಾಗಿದೆ. ಪದದ ಹಳೆಯ ಅರ್ಥ ಎಲ್ಲೆ, ಮೇರೆ. ವೇಗದ ಮರ್ಯಾದೆ ಯಾವುದು ಎಂದು ಕೇಳುವುದು ಅದು ಎಲ್ಲಿ ನಿಲ್ಲಬೇಕು ಎಂದು ಕೇಳಿದಂತೆಯೇ. ಈ ಪ್ರಶ್ನೆಯನ್ನು ಬಹಳ ಹಿಂದೆಯೇ, ಬಹಳ ಗಂಭೀರವಾಗಿ ಕೇಳಿಕೊಂಡವರು ಜೈನ ಮುನಿಗಳು. ಅವರ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಿಯಮಗಳಲ್ಲಿ, ಮೊದಲನೆಯದು ಈರ್ಯಾ ಸಮಿತಿ, ನಡೆಯುವ ಎಚ್ಚರ. ಹಗಲು ಬೆಳಕಿನಲ್ಲೇ ನಡೆಯಬೇಕು, ಮುಂದಿನ ನೆಲವನ್ನು ಒಂದು ನೊಗದುದ್ದ, ಅಂದರೆ ನಾಲ್ಕು ಮೊಳ ನೋಡುತ್ತ ಹೆಜ್ಜೆ ಇಡಬೇಕು. ನಾಲ್ಕು ಮೊಳ ಎಂದರೆ ನಮ್ಮ ಒಂದು ಮಾರು. ಶ್ರವಣಬೆಳಗೊಳದಂಥ ಕ್ಷೇತ್ರಗಳತ್ತ ಕಾಲ್ನಡೆಯಲ್ಲಿ ಹೊರಟ ದಿಗಂಬರ ಮುನಿಗಳನ್ನು ಕಂಡವರಿಗೆ ಆ ತಗ್ಗಿದ ದೃಷ್ಟಿ ನೆನಪಿದ್ದೀತು. ಆ ಸಂಚಾರಕ್ಕೆ ಅವರು ಕೊಟ್ಟ ಹೆಸರೂ ವಿಹಾರವೇ.

ವಾಹನವನ್ನೇ ತ್ಯಜಿಸಿದವರ ನಿಯಮವನ್ನು ಗೇರು ಸೈಕಲ್ಲಿಗೆ ಹಚ್ಚುವುದು ತುಸು ಧಾರ್ಷ್ಟ್ಯವೇ. ಆದರೂ ಅದರ ಒಳಗುಟ್ಟು ದೊಡ್ಡದು. ಅದು ವೇಗವನ್ನು ಅಳೆಯುವುದು ಕಣ್ಣಿನಿಂದ. ನೋಡಿದಷ್ಟು ನೆಲಕ್ಕೆ ಮಾತ್ರ ಕಾಲಿಗೆ ಹಕ್ಕು. ಅಲ್ಲಿ ನೋಟ ಇರುವುದು ತಾನು ಬೀಳಬಾರದೆಂದು ಅಲ್ಲ, ಕಾಲಡಿಯ ಇರುವೆ ಸಾಯಬಾರದೆಂದು.

ಲೆಕ್ಕ ಹಾಕಿ ನೋಡಬಹುದು. 24 ಕಿಲೋಮೀಟರ್ ವೇಗದಲ್ಲಿ ಸೈಕಲ್ಲು ಸೆಕೆಂಡಿಗೆ 6.7 ಮೀಟರ್ ಓಡುತ್ತದೆ. ಎದುರಿಗಿರುವುದು ಏನೆಂದು ಅರಿತು ಬ್ರೇಕ್ ಒತ್ತಲು ಒಂದು ಸೆಕೆಂಡ್, ಒಣ ಮಣ್ಣಿನಲ್ಲಿ ನಿಲ್ಲಲು ಮತ್ತೆ ಐದಾರು ಮೀಟರ್. ಒಟ್ಟು 12 ಮೀಟರ್, ಆರೇಳು ಮಾರು. 8 ಕಿಲೋಮೀಟರ್ ವೇಗದಲ್ಲಾದರೆ ಎಲ್ಲ ಸೇರಿ ಸುಮಾರು ಮೂರೇ ಮೀಟರ್, ಒಂದೂವರೆ ಮಾರು. ಕುರುಡು ತಿರುವಿಗೆ ಮರಿನ್‌ನವರು ಇಟ್ಟ ಮಿತಿ, ನೊಗದುದ್ದ ನೋಡಿ ನಡೆಯುವ ಮುನಿಯ ಅಳತೆಗೆ ಇಷ್ಟು ಹತ್ತಿರ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿದವರಲ್ಲ.

ಹಾಗೆಂದು ನಿಧಾನವೇ ಧರ್ಮ ಎನ್ನಲಾಗದು. ಕಲ್ಲಿನ ಹಾಸಿನ ಮೇಲೆ ತೀರಾ ಮೆಲ್ಲಗೆ ಹೋದರೆ ಮುಂದಿನ ಚಕ್ರ ಸಿಕ್ಕಿಕೊಂಡು ಸವಾರ ಉರುಳುತ್ತಾನೆ, ಒಂದಿಷ್ಟು ಓಟವೇ ಅಲ್ಲಿ ಕಾಯುವುದು. ಹೆದರಿ ಹಿಂಬ್ರೇಕನ್ನು ಬಿಗಿಹಿಡಿದು ಜಾರುತ್ತ ಇಳಿಯುವವನು ದಾರಿಯ ಮಣ್ಣನ್ನೇ ಕಿತ್ತು ಹಾಕುತ್ತಾನೆ. ದೂರದವರೆಗೆ ತೆರೆದುಕೊಂಡ, ಯಾರೂ ಇಲ್ಲದ ಇಳಿಜಾರಿನಲ್ಲಿ ಗಾಳಿ ಕಿವಿಗೆ ಬಡಿಯುವಂತೆ ಬಿಟ್ಟುಕೊಂಡರೆ ಯಾವ ಎಲ್ಲೆಯೂ ಮುರಿಯುವುದಿಲ್ಲ, ಆ ಸುಖಕ್ಕೆ ನಾಚಬೇಕಾಗಿಯೂ ಇಲ್ಲ. ಮಳೆಗಾಲದ ಮಾತು ಬೇರೆ. ಹಸಿ ಮಣ್ಣಿನಲ್ಲಿ ಟೈರು ಕೊರೆದ ಗೀರು ಒಣಗಿದ ಮೇಲೂ ಉಳಿದು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವಂತೆ, ಬಲ್ಲ ಸವಾರರು ನೆಲ ಆರುವವರೆಗೆ ಸೈಕಲ್ಲನ್ನು ಮನೆಯಲ್ಲೇ ಇಡುತ್ತಾರೆ.

ವೇಗದ ಎಲ್ಲೆ ಎದುರು ಬರುವವರಿಗಾಗಿ ಮಾತ್ರವಲ್ಲ, ಜೊತೆಗಾರರಿಗಾಗಿಯೂ ಇದೆ. ಗುಂಪಿನ ಸವಾರಿಯಲ್ಲಿ ಕವಲು ಬಂದಲ್ಲೆಲ್ಲ ಮುಂದಿನವರು ನಿಂತು, ಕೊನೆಯವರು ಬಂದ ಮೇಲೆ ಹೊರಡುವ ರೂಢಿ ಇದೆ. ಬಂದವರಿಗೂ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಕೊಡಬೇಕು. ಎಷ್ಟೋ ಗುಂಪುಗಳು ಎಡವುವುದು ಇಲ್ಲೇ: ಹಿಂದುಳಿದವನು ತಲುಪಿದ ಕ್ಷಣವೇ, ದಣಿವಾರಿಸಿಕೊಂಡವರು ಎದ್ದು ಹೊರಡುತ್ತಾರೆ.

2009ರಲ್ಲಿ ಶುರುವಾದ ಸ್ಟ್ರಾವಾ ಆ್ಯಪ್ ಈಗ ಸವಾರರ ಗಡಿಯಾರ. ಇಡೀ ಸವಾರಿಯ ಸರಾಸರಿ ತೆಗೆಯುವಾಗ ಅದು ನಿಂತ ಹೊತ್ತನ್ನು ಲೆಕ್ಕದಿಂದ ಬಿಡಬಲ್ಲದು. ಆದರೆ ದಾರಿಯ ಒಂದೊಂದು ತುಂಡಿಗೆ 'ಸೆಗ್ಮೆಂಟ್' ಎಂದು ಹೆಸರಿಟ್ಟು, ಅದರಲ್ಲಿ ಯಾರು ಮೊದಲು ಎಂದು ಪಟ್ಟಿ ಮಾಡುವಾಗ ನಿಂತ ಹೊತ್ತೂ ಸೇರುತ್ತದೆ. ಮರಿನ್‌ನ ತಿರುವಿನಲ್ಲಿ ಎದುರು ಬಂದ ಕುದುರೆ ಬೆದರದಿರಲೆಂದು ಸವಾರನೊಬ್ಬ ದಾರಿಯಂಚಿಗೆ ಸರಿದು, ಕಾಲು ನೆಲಕ್ಕೂರಿ, ಅದರ ಮೇಲೆ ಕೂತವರಿಗೆ ಕೇಳುವಂತೆ ನಮಸ್ಕಾರ ಹೇಳಿ ಕಾಯುತ್ತಾನೆ. ಕುದುರೆ ಕಿವಿ ನಿಮಿರಿಸಿ, ಮೂಸಿ, ಹೆಜ್ಜೆ ಎತ್ತಿಡಲು ಅದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆ ಅರ್ಧ ನಿಮಿಷವೂ ಅವನ ಲೆಕ್ಕಕ್ಕೇ ಬೀಳುತ್ತದೆ.