ಮರೆಯಲ್ಲಿದ್ದವನ ಮಳೆ

ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸಬೇಕು ಎಂಬುದು ಕನ್ನಡನಾಡಿನ ಹಳೆಯ ನಂಬಿಕೆ. ನಮ್ಮ ಮಂಡ್ಯ ಜಿಲ್ಲೆಯ ಶೀಳನೆರೆ ಸುತ್ತಮುತ್ತ ರಾಗಿ ಬಿತ್ತಿ ಮುಗಿಲು ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಯೋಚಿಸಿದಷ್ಟೂ ಸೋಜಿಗ ಹೆಚ್ಚುತ್ತದೆ. ಭಾರತದ ಹದಿನೆಂಟು ಪರ್ವಗಳಲ್ಲಿ ಮಳೆಗೆ ಇದೊಂದನ್ನೇ ಏಕೆ ಆರಿಸಿಕೊಂಡರು? ನೇರವಾಗಿ ಮಳೆ ತರಿಸುವ ಕಥೆಯೇ ಬೇಕಿದ್ದರೆ ಅರಣ್ಯಪರ್ವದಲ್ಲಿ ಋಷ್ಯಶೃಂಗನಿದ್ದಾನೆ. ಬರ ಬಿದ್ದ ಅಂಗರಾಜ್ಯಕ್ಕೆ ಅವನು ಕಾಲಿಟ್ಟದ್ದೇ ಮಳೆ ಸುರಿಯಿತು. ಶೃಂಗೇರಿ ಬಳಿಯ ಕಿಗ್ಗದಲ್ಲಿ ಇಂದಿಗೂ ಮಳೆಗಾಗಿ ಅವನಿಗೇ ಪೂಜೆ ಸಲ್ಲುತ್ತದೆ. ವಿರಾಟಪರ್ವದಲ್ಲಿ ಏನಿದೆ? ಅಡಿಗೆಮನೆ, ಕುದುರೆಲಾಯ, ದನದ ಹಟ್ಟಿ, ನಾಟ್ಯಶಾಲೆ. ಅಜ್ಞಾತವಾಸಕ್ಕೆಂದು ಹೆಸರು ಬದಲಿಸಿಕೊಂಡು ವಿರಾಟರಾಜನ ಊಳಿಗಕ್ಕೆ ನಿಂತ ಆರು ಮಂದಿ, ಪಾಂಡವರು ಮತ್ತು ದ್ರೌಪದಿ.

ಉತ್ತರ ಭೀಷ್ಮನ ಬಾಯಲ್ಲಿದೆ. ಪಾಂಡವರನ್ನು ಹುಡುಕಲು ಹೋದ ದುರ್ಯೋಧನನ ಬೇಹುಗಾರರು ಬರಿಗೈಯಲ್ಲಿ ಮರಳುತ್ತಾರೆ. ಆಗ ವ್ಯಾಸಭಾರತದ ಭೀಷ್ಮ ಹುಡುಕುವ ದಾರಿಯನ್ನೇ ಬದಲಿಸುತ್ತಾನೆ. ಮನುಷ್ಯರ ಮುಖ ನೋಡಬೇಡಿ, ನೆಲ ನೋಡಿ ಎಂಬ ಧಾಟಿ ಅವನದು. ಧರ್ಮರಾಯ ಇರುವ ನಾಡಿನಲ್ಲಿ ಮಳೆ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಬೆಳೆ ತುಂಬಿ ಬರುತ್ತದೆ, ದನಗಳು ಬಡಕಲಾಗಿರುವುದಿಲ್ಲ, ಜನ ಹೊಟ್ಟೆಕಿಚ್ಚಿಲ್ಲದೆ ಬದುಕಿರುತ್ತಾರೆ ಎನ್ನುತ್ತಾನೆ. ವೇಷ ಹಾಕಿಕೊಂಡವನು ಜನರ ಕಣ್ಣು ತಪ್ಪಿಸಬಹುದು. ಮೋಡದ ಕಣ್ಣು ತಪ್ಪಿಸಲಾರ.

ಇದೇ ಮಾತು ಕಡಲಾಚೆಯ ಇನ್ನೊಂದು ಮಹಾಕಾವ್ಯದಲ್ಲಿ, ಅದೂ ಮಾರುವೇಷದ ಪ್ರಸಂಗದಲ್ಲೇ, ಎದುರಾದಾಗ ಮೈ ಜುಮ್ಮೆನ್ನುತ್ತದೆ. ಹೋಮರನ ‘ಒಡಿಸ್ಸಿ’ಯ ನಾಯಕ ಒಡಿಸ್ಯೂಸ್ ಹತ್ತು ವರ್ಷ ಟ್ರಾಯ್ ಯುದ್ಧದಲ್ಲಿ, ಮತ್ತೆ ಹತ್ತು ವರ್ಷ ದಾರಿಯಲ್ಲಿ ಕಳೆದು ತನ್ನ ಇಥಾಕಾ ದ್ವೀಪಕ್ಕೆ ಬರುತ್ತಾನೆ. ಅಥೀನಾ ದೇವಿ ಅವನನ್ನು ಚಿಂದಿಯುಟ್ಟ ಮುದಿ ಭಿಕ್ಷುಕನನ್ನಾಗಿ ಮಾಡಿರುತ್ತಾಳೆ. ಅವನ ಹೆಂಡತಿ ಪೆನೆಲೋಪೆಯನ್ನು ಮದುವೆಯಾಗುತ್ತೇವೆಂದು ಬಂದ 108 ಮಂದಿ ಅರಮನೆಯಲ್ಲೇ ಬೀಡುಬಿಟ್ಟು ಅವನ ಹಂದಿ, ಕುರಿ, ದನಗಳನ್ನು ದಿನವೂ ಕಡಿದು ತಿನ್ನುತ್ತಿದ್ದಾರೆ. ಹತ್ತೊಂಬತ್ತನೆಯ ಸರ್ಗದಲ್ಲಿ, ರಾತ್ರಿ, ಆ ಭಿಕ್ಷುಕನನ್ನು ಪೆನೆಲೋಪೆ ಕೇಳುತ್ತಾಳೆ: ನೀನಾರು, ಯಾವೂರು, ತಂದೆತಾಯಿ ಯಾರು? ನಮ್ಮ ಹಳ್ಳಿಯ ಜಗಲಿಯ ಮೇಲೂ ಹೊಸಬರಿಗೆ ಮೊದಲು ಬೀಳುವ ಪ್ರಶ್ನೆ ಇದೇ. ಅವನು ಉತ್ತರ ಕೊಡದೆ ಅವಳನ್ನು ಹೊಗಳಲು ತೊಡಗುತ್ತಾನೆ. ನಿನ್ನ ಕೀರ್ತಿ ನ್ಯಾಯವಂತ ದೊರೆಯ ಕೀರ್ತಿಯಂಥದು. ಅಂಥವನ ಆಳ್ವಿಕೆಯಲ್ಲಿ ಕಪ್ಪುನೆಲ ಗೋಧಿ, ಬಾರ್ಲಿ ಬೆಳೆಯುತ್ತದೆ, ಮರಗಳು ಹಣ್ಣಿನ ಭಾರಕ್ಕೆ ಬಾಗುತ್ತವೆ, ಕುರಿಗಳು ತಪ್ಪದೆ ಈಯುತ್ತವೆ, ಕಡಲು ಮೀನು ಕೊಡುತ್ತದೆ ಎಂದು.

ಯಾರ ಬಗ್ಗೆ ಈ ಮಾತು? ಎದುರಿಗೆ ಕುಳಿತ ಚಿಂದಿಯವನೇ ಆ ದೊರೆ. ಅವನು ಇಪ್ಪತ್ತು ವರ್ಷ ಇಲ್ಲದ್ದರಿಂದಲೇ ಆ ಮನೆ ಸೊರಗಿದ್ದು. ಅವಳಿಗೆ ಗುರುತು ಸಿಗುವುದಿಲ್ಲ, ಕೇಳುವ ನಮಗೆ ಸಿಗುತ್ತದೆ. ಒಬ್ಬರ ಕಾವ್ಯ ಇನ್ನೊಬ್ಬರಿಗೆ ತಿಳಿದಿತ್ತು ಎನ್ನಲು ಆಧಾರವಿಲ್ಲ. ಎರಡು ನಾಡಿನ ಕವಿಗಳು ಅಡಗಿದ ರಾಜನನ್ನೂ ತುಂಬಿದ ಪೈರನ್ನೂ ಒಂದೇ ಕಡೆ ತಂದು ನಿಲ್ಲಿಸಿದರಲ್ಲ, ಅದು ನನಗೆ ಕೀಚಕವಧೆಗಿಂತ ದೊಡ್ಡ ಬೆರಗು.

ಆ ಇಬ್ಬರು ರಾಜರೂ ಮಾರುವೇಷದಲ್ಲಿ ಪೆಟ್ಟು ತಿನ್ನುತ್ತಾರೆ. ಹಸಿದು ಕೈಚಾಚಿದ ಒಡಿಸ್ಯೂಸನ ಭುಜಕ್ಕೆ ಆ 108 ಮಂದಿಯಲ್ಲೊಬ್ಬನಾದ ಆಂಟಿನೌಸ್ ಎಂಬ ಸೊಕ್ಕಿನವನು ಕಾಲುಮಣೆ ಎಸೆಯುತ್ತಾನೆ. ಅವನು ಕದಲದೆ ನಿಂತು ತಲೆಯಾಡಿಸುತ್ತಾನೆ, ಅಷ್ಟೆ. ಇಲ್ಲಿ ಕಂಕಭಟ್ಟನ ವೇಷದ ಧರ್ಮರಾಯನ ಮುಖಕ್ಕೆ ವಿರಾಟ ಪಗಡೆಯ ದಾಳ ಬೀಸುತ್ತಾನೆ. ಮೂಗಿನಿಂದ ರಕ್ತ ಬರುತ್ತದೆ. ಅದು ನೆಲಕ್ಕೆ ಬೀಳದಂತೆ ಧರ್ಮರಾಯ ಕೈಯೊಡ್ಡುತ್ತಾನೆ. ಸೈರಂಧ್ರಿಯಾಗಿದ್ದ ದ್ರೌಪದಿ ಪಾತ್ರೆ ಹಿಡಿಯುತ್ತಾಳೆ. ಆ ರಕ್ತ ನೆಲ ಮುಟ್ಟಿದ್ದರೆ ರಾಜ್ಯಕ್ಕೇ ಕೇಡಾಗುತ್ತಿತ್ತು ಎಂದು ಆಮೇಲೆ ಅವನೇ ಹೇಳುತ್ತಾನೆ. ಹೊಡೆದವನ ಹೊಲ ಒಣಗಬಾರದೆಂದು ಹೊಡೆಸಿಕೊಂಡವನು ಕೈಯೊಡ್ಡುವ ಈ ಗಳಿಗೆ ಗ್ರೀಕ್ ಕಾವ್ಯದಲ್ಲಿಲ್ಲ.

ನಮ್ಮ ಕಡೆಯವರಿಗೆ ಪಾಂಡವರೆಂದರೆ ಸಲಿಗೆ ಹೆಚ್ಚು. ಅವರು ಕುಂತಿಯೊಡನೆ ವನವಾಸದಲ್ಲಿ ತಂಗಿದ್ದರೆಂದು ಜನ ನಂಬಿರುವ ಕುಂತಿಬೆಟ್ಟ ಪಾಂಡವಪುರದಲ್ಲಿದೆ. ಆ ಊರೂ ಹಿರೋಡೆಯಾಗಿ, ಫ್ರೆಂಚ್ ರಾಕ್ಸ್ ಆಗಿ, ಕೊನೆಗೆ ಪಾಂಡವಪುರವಾದದ್ದು. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಗೋಡೆಯ ಪಟ್ಟಿಕೆಯಲ್ಲಿ ಹೊಯ್ಸಳ ಶಿಲ್ಪಿಗಳು ಭಾರತದ ಕಥೆ ಕೆತ್ತಿದ್ದಾರೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ‘ಕುರುಕ್ಷೇತ್ರ’ ನಾಟಕ ಇವತ್ತಿಗೂ ಬೆಳತನಕ ನಡೆಯುತ್ತದೆ. ಗ್ರೀಕರೂ ನಮಗೆ ತೀರ ಹೊರಗಿನವರಲ್ಲ. ಸೋಫೋಕ್ಲಿಸನ ನಾಟಕದ ಅಯಾಸ್‌ನನ್ನು ಅಶ್ವತ್ಥಾಮನನ್ನಾಗಿಸಿ ಕನ್ನಡಕ್ಕೆ ‘ಅಶ್ವತ್ಥಾಮನ್’ ಕೊಟ್ಟ ಬಿ.ಎಂ.ಶ್ರೀ. ಅವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಹೋಮರನನ್ನು ನಮ್ಮ ಜಗಲಿಗೆ ಕರೆದರೆ ಅವರೇನೂ ಬೇಡವೆನ್ನುತ್ತಿರಲಿಲ್ಲ.

ಸೇಡಿನ ಭಾಗ ಎಲ್ಲರಿಗೂ ಗೊತ್ತು. ಒಡಿಸ್ಯೂಸ್ ತನ್ನ ಬಿಲ್ಲನ್ನು ಹೆದೆಯೇರಿಸಿ ಹನ್ನೆರಡು ಕೊಡಲಿಗಳ ನಡುವೆ ಬಾಣ ಹಾಯಿಸಿ ಆಂಟಿನೌಸನ ಕೊರಳಿಗೇ ಮೊದಲು ಗುರಿಯಿಡುತ್ತಾನೆ. ವ್ಯಾಸಭಾರತದ ಭೀಮ ಕೀಚಕನನ್ನೂ ಅವನ 105 ಮಂದಿ ಬಂಧುಗಳನ್ನೂ ಮುಗಿಸುತ್ತಾನೆ. ಕೇಳುವಾಗ ಕೈ ಮುಷ್ಟಿಯಾಗುವುದು ನಿಜ. ಆದರೆ ಅರಮನೆಯಲ್ಲಿ ಬೀಡುಬಿಟ್ಟಿದ್ದವರ ಜೊತೆ ಮಲಗಿದರೆಂದು ಹನ್ನೆರಡು ಊಳಿಗದ ಹೆಣ್ಣುಗಳನ್ನು ಒಡಿಸ್ಯೂಸನ ಮಗ ಟೆಲಿಮಾಕಸ್ ನೇಣಿಗೆ ಹಾಕಿದ್ದು ನನಗೆ ಇಂದಿಗೂ ಜೀರ್ಣವಾಗಿಲ್ಲ. ಮನೆಯೊಡೆಯ ಇಲ್ಲದ ಮನೆಯಲ್ಲಿ ಆ ಹೆಣ್ಣುಗಳಿಗೆ ಬೇಡವೆನ್ನುವ ಬಲ ಎಲ್ಲಿತ್ತು?

ರಕ್ತ ತೊಳೆದ ಮೇಲೆ ಹೋಮರ್ ಮತ್ತೆ ಮಣ್ಣಿಗೆ ಬರುತ್ತಾನೆ. ಒಡಿಸ್ಯೂಸ್ ತನ್ನ ಮುದಿ ತಂದೆ ಲಾಯರ್ಟಿಸನನ್ನು ಹುಡುಕಿಕೊಂಡು ತೋಟಕ್ಕೆ ಹೋಗುತ್ತಾನೆ. ಮುದುಕ ತೇಪೆ ಹಾಕಿದ ಬಟ್ಟೆಯಲ್ಲಿ ಗಿಡದ ಬುಡ ಅಗೆಯುತ್ತಿದ್ದಾನೆ. ಮಗನೆಂದರೆ ನಂಬುವುದಿಲ್ಲ, ಗುರುತು ಹೇಳು ಎನ್ನುತ್ತಾನೆ. ಮಗ ಕಾಲಿನ ಗಾಯದ ಕಲೆ ತೋರಿಸುತ್ತಾನೆ. ಅಷ್ಟಕ್ಕೆ ನಿಲ್ಲಿಸದೆ, ಚಿಕ್ಕಂದಿನಲ್ಲಿ ನಿನ್ನ ಹಿಂದೆ ಓಡಾಡುತ್ತಿದ್ದಾಗ ನನ್ನದೆಂದು ಕೊಟ್ಟೆಯಲ್ಲ ಎಂದು ಮರಗಳ ಲೆಕ್ಕ ಒಪ್ಪಿಸುತ್ತಾನೆ: ಹದಿಮೂರು ಪೇರು, ಹತ್ತು ಸೇಬು, ನಲವತ್ತು ಅಂಜೂರ, ಐವತ್ತು ಸಾಲು ದ್ರಾಕ್ಷಿ. ಮುದುಕನ ಮೊಣಕಾಲು ಕುಸಿಯುತ್ತದೆ. ಇಂಥ ತೆಂಗು, ಇಂಥ ಹಲಸು ಯಾರ ಪಾಲಿನದೆಂದು ಬಾಯಲ್ಲೇ ಹೇಳಬಲ್ಲ ನಮ್ಮ ಹಿರಿಯರಿಗೆ ಈ ಸಾಕ್ಷಿ ಸಾಕು, ಪಹಣಿ ಕೇಳುವುದಿಲ್ಲ.

ಭೀಷ್ಮನ ಮಾತೂ ಈ ತೋಟವೂ ಒಂದೇ ಸಂಗತಿ ಹೇಳುತ್ತಿವೆ ಎಂದು ನನಗನ್ನಿಸಿದೆ. ಮನುಷ್ಯರು ಮೋಸಹೋಗುತ್ತಾರೆ, ನೆಲ ಹೋಗುವುದಿಲ್ಲ. ಮಳೆಗಾಗಿ ಈ ಪರ್ವವನ್ನು ಆರಿಸಿಕೊಂಡ ಹಳ್ಳಿಗರು ಕೇಳಿದ್ದು ಬರೀ ನೀರನ್ನಲ್ಲ. ಮೋಡ ಹಿಂಬಾಲಿಸಿಕೊಂಡು ಬರುವಂಥ ಒಬ್ಬ ಮನುಷ್ಯ ನಮ್ಮ ನಡುವೆ, ಯಾವುದಾದರೂ ವೇಷದಲ್ಲಿ, ಇರಲಿ ಎಂದು ಕೇಳಿಕೊಂಡರು.

ಓದಿಸುವವರಲ್ಲಿ ಒಂದು ಬಿನ್ನಹ. ಕೀಚಕ ಸತ್ತ ರಾತ್ರಿಗೇ ಜನ ಚಪ್ಪಾಳೆ ತಟ್ಟಿ ಎದ್ದುಹೋಗುವುದುಂಟು. ವಾಚನವನ್ನು ಅಲ್ಲಿಗೆ ನಿಲ್ಲಿಸಬೇಡಿ, ಗೋಗ್ರಹಣದವರೆಗೂ ನಡೆಸಿ. ವ್ಯಾಖ್ಯಾನಕ್ಕೆ ಕೂತವರು ಮಧ್ಯೆ ಬರುವ ಭೀಷ್ಮನ ಮಾತನ್ನು ಇನ್ನೊಂದಿಷ್ಟು ಬಿಡಿಸಿ ಹೇಳಲಿ. ಮಳೆಯ ಮಾತು ಇರುವುದು ಅಲ್ಲಿ.